ಕಂಬ ಬಿಟ್ಟು ಒಂದು ರಾತ್ರಿ

ನ್ಯೂಜಿಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ಹಿಮದ ಬೆಟ್ಟ, ಸರೋವರ, ಕುರಿಹಿಂಡು ಎಂದು ಹೇಳಿ ಮುಗಿಸುತ್ತೇನೆ. ಅದು ಸುಳ್ಳೇನಲ್ಲ. ಆದರೆ ನಿಜ ಹೇಳಬೇಕೆಂದರೆ, ಅಲ್ಲಿ ನಾವು ಮೂರೂ ಜನ ಕಣ್ಣು ಪಿಳುಕಿಸದೆ ನೋಡಿದ್ದು ಗಾಡಿಯ ಬಾಗಿಲ ಪಕ್ಕದಲ್ಲಿದ್ದ ಅಂಗೈಯಗಲದ ಒಂದು ಪರದೆಯನ್ನು. ಅದರಲ್ಲಿ ಬಾಣದ ಗುರುತೊಂದಿತ್ತು. ಅದು ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ನಮ್ಮ ಪ್ರವಾಸದ ಸುಖದುಃಖ ನಿಂತಿತ್ತು.

ಮೂರು ಜನ ಎಂದರೆ ನಾನು, ನಮ್ಮವರು, ನಮ್ಮ ಅತ್ತೆ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮವರು ಶಿವಾನಂದ, ಸ್ಟೇಷನ್ ರಸ್ತೆಯಲ್ಲಿ ಅವರದು ಇನ್ವರ್ಟರು, ಬ್ಯಾಟರಿಗಳ ಅಂಗಡಿ. ಅತ್ತೆ ಗೌರವ್ವನವರು ಒಂದು ತಾಸಿನ ದಾರಿಯೂ ಇಲ್ಲದ ಬಬಲೇಶ್ವರದವರು. ಅವರಿಗೆ ಕೆಲವು ವರ್ಷಗಳಿಂದ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ಮೂಗಿಗೆ ಮುಸುಕು ಹಾಕಿ, ಕೊಳವೆಯಲ್ಲಿ ಗಾಳಿ ಊದುವ ಮಷೀನು ಹಚ್ಚಿಕೊಂಡೇ ಮಲಗಬೇಕು. ಒಂದು ರಾತ್ರಿಯೂ ತಪ್ಪಿಸಬಾರದೆಂದು ಡಾಕ್ಟರರ ಅಪ್ಪಣೆ. ಅದಕ್ಕೆ ಬೆಳಗಿನವರೆಗೆ ಕರೆಂಟು ಬೇಕು. ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ದೊಡ್ಡ ಇನ್ವರ್ಟರಿದೆ, ಚಿಂತೆಯಿಲ್ಲ. ಆದರೆ ಬೇರೆಡೆ ನಡುರಾತ್ರಿ ಕರೆಂಟು ಹೋದರೆ ಎಂಬ ಹೆದರಿಕೆಗೆ, ಮಷೀನು ಬಂದಂದಿನಿಂದ ಅತ್ತೆ ಬೇರೆಲ್ಲೂ ಮಲಗಿರಲಿಲ್ಲ. ಮದುವೆಯಿರಲಿ, ತೊಟ್ಟಿಲ ಕಾರ್ಯವಿರಲಿ, ಅವರ ಜೀವವೇ ಆಗಿದ್ದ ಬಬಲೇಶ್ವರದ ತೋಟವಿರಲಿ, ಕತ್ತಲಾಗುವುದರೊಳಗೆ ಮನೆಗೆ ಬಂದು ಪ್ಲಗ್ಗಿನ ಪಕ್ಕ ಕೂರಬೇಕಿತ್ತು.

ಒಂದು ದಿನ ಅತ್ತೆ ನನ್ನ ಮೊಬೈಲಿನಲ್ಲಿ ನ್ಯೂಜಿಲೆಂಡಿನ ಪುಕಾಕಿ ಎಂಬ ಸರೋವರದ ಚಿತ್ರ ನೋಡಿದರು. ಮೇಲೆ ಆಕಾಶದ ತುಂಬ ಚುಕ್ಕಿ. ತಮ್ಮ ಹರೆಯದಲ್ಲಿ ಬೇಸಿಗೆಯ ರಾತ್ರಿ ತೋಟದ ಮಾಳಿಗೆಯ ಮೇಲೆ ಮಲಗಿದರೆ ಇಷ್ಟೇ ಚುಕ್ಕಿ ಕಾಣುತ್ತಿದ್ದವು ಎಂದರು. ನಮ್ಮವರು ಉತ್ಸಾಹದಿಂದ, "ಹೋಗೂನು ಬಾ ಯವ್ವಾ, ಒಳ್ಳೆ ಹೋಟೆಲ್ ಮಾಡೂನು, ಹಾಸಿಗಿ ಬಾಜೂಕ ಪ್ಲಗ್ ಇರ್ತೈತಿ" ಎಂದರು.

"ಪ್ಲಗ್ ಇದ್ದಲ್ಲೇ ಮಲಗೂದಾದ್ರ ನನ್ನ ಮನ್ಯಾಗ ಮಲಗ್ತೇನಲ್ಲೋ. ಅಷ್ಟು ದೂರ ಯಾಕ? ಕಂಬ, ತಂತಿ ಏನೂ ಇಲ್ಲದಲ್ಲಿ ಒಂದು ರಾತ್ರಿ ಮಲಗ್ಬೇಕು ನೋಡು ನಾ."

ಹೀಗೆ ಮನೆಯನ್ನೇ ಹೊತ್ತು ತಿರುಗುವ ಗಾಡಿಯೊಂದನ್ನು ಬಾಡಿಗೆಗೆ ಹಿಡಿಯುವ ಯೋಚನೆ ಹುಟ್ಟಿತು. ಆ ಒಂದು ರಾತ್ರಿಗಾಗಿ ಉಳಿದೆಲ್ಲ ಪ್ರವಾಸ.

ಕ್ರೈಸ್ಟ್‌ಚರ್ಚ್

ವಿಮಾನ ನಿಲ್ದಾಣದಲ್ಲಿ ತಿನ್ನುವ ವಸ್ತುಗಳ ತಪಾಸಣೆ ಬಹಳ ಬಿಗಿ. ನಮ್ಮ ಚೀಲದಿಂದ ಕಟಕ್ ರೊಟ್ಟಿಯ ಕಟ್ಟು ಹೊರಬಂದಾಗ ಅಲ್ಲಿನ ಅಧಿಕಾರಿ ಒಂದನ್ನು ಎತ್ತಿ ಬೆರಳಿನಿಂದ ಬಾರಿಸಿ ನೋಡಿದ. ಜೋಳದ ರೊಟ್ಟಿ, ಒಣಗಿಸಿದ್ದು, ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ವಿವರಿಸಿದೆ. "ಹಲ್ಲು ಕೆಡುತ್ತದೆಯೇ?" ಎಂದು ಗಂಭೀರವಾಗಿ ಕೇಳಿ ಬಿಟ್ಟುಕೊಟ್ಟ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೂ ಮೂಸಿ ನೋಡಿ ಸೀನುತ್ತ ವಾಪಸು ಕೊಟ್ಟ.

ಗಾಡಿ ಬಾಡಿಗೆಗೆ ಕೊಡುವಲ್ಲಿ ಚುರುಕಾದ ಹುಡುಗಿಯೊಬ್ಬಳು ಎಲ್ಲ ತೋರಿಸಿದಳು. ಮಲಗುವ ಮಂಚದ ನೇರ ಮೇಲೆ ಚಾವಣಿಯಲ್ಲಿ ಗಾಜಿನ ಕಿಟಕಿ. ಅತ್ತೆ ಅಲ್ಲೇ ಕತ್ತೆತ್ತಿ ನಿಂತುಬಿಟ್ಟರು. ಸೀಟಿನ ಕೆಳಗೆ ಒಂದು ನೀಲಿ ಪೆಟ್ಟಿಗೆ: ಇನ್ವರ್ಟರು, ಚಾರ್ಜರು ಎರಡೂ ಒಂದರಲ್ಲೇ. ಗಾಡಿ ನಿಲ್ಲಿಸುವ ತಾಣಗಳಲ್ಲಿ ಕಂಬವಿರುತ್ತದೆ. ದಪ್ಪ ವೈರಿನಿಂದ ಗಾಡಿಯನ್ನು ಅದಕ್ಕೆ ಜೋಡಿಸಬೇಕು. ಆ ಕರೆಂಟಿಗೆ ಇಂಗ್ಲಿಷಿನಲ್ಲಿ ಅವರನ್ನುವುದು 'ಶೋರ್ ಪವರ್', ಅಂದರೆ ದಡದ ಕರೆಂಟು. ದೋಣಿಗಳು ದಡಕ್ಕೆ ಬಂದು ವೈರು ಹಚ್ಚಿಕೊಳ್ಳುತ್ತಿದ್ದ ಕಾಲದಿಂದ ಬಂದ ಮಾತಂತೆ. ವೈರು ಹಚ್ಚಿದಾಗ ಪೆಟ್ಟಿಗೆ ಬ್ಯಾಟರಿ ತುಂಬಿಸುತ್ತದೆ, ತೆಗೆದಾಗ ಬ್ಯಾಟರಿಯಿಂದ ಮನೆಯ ಕರೆಂಟು ಮಾಡಿಕೊಡುತ್ತದೆ. ಹುಡುಗಿ ಇನ್ನೂ ಏನೋ ಹೇಳುವವಳಿದ್ದಳು. ನಮ್ಮವರು ನಗುತ್ತ ಕೈಯೆತ್ತಿ ತಮ್ಮದು ಇದೇ ವ್ಯಾಪಾರ ಎಂದರು. ಅವಳು ಸಂತೋಷದಿಂದ ಕೈಕುಲುಕಿ ಬೀಗದಕೈ ಕೊಟ್ಟಳು.

ಫೇರ್ಲಿ

ಮೊದಲ ರಾತ್ರಿ ಕುರಿ ಸಾಕುವ ದಂಪತಿಯ ಹೊಲದಲ್ಲಿ ಗಾಡಿ ನಿಲ್ಲಿಸಿದೆವು. ಮುದುಕ ಮೊದಲು ಕೇಳಿದ ಪ್ರಶ್ನೆ, ನಿಮಗೆ ಎಷ್ಟು ಕುರಿ? ಒಂದೂ ಇಲ್ಲ ಎಂದಾಗ ಅವನ ಮುಖದಲ್ಲಿ ನಿಜವಾದ ಮರುಕ ಕಂಡಿತು. ಅವನ ಹೆಂಡತಿ ಅತ್ತೆಯ ಮಷೀನು ನೋಡಿ, ತನ್ನ ಗಂಡನೂ ಇದೇ ಸೊಂಡಿಲು ಹಾಕಿಕೊಂಡು ಮಲಗುತ್ತಾನೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಆ ಮುದುಕನನ್ನು ತವರಿನವನೇನೋ ಎನ್ನುವಂತೆ ನೋಡಿದರು.

ಉಣ್ಣೆ ಕತ್ತರಿಸುವ ಹಳೆಯ ಶೆಡ್ಡಿನಿಂದ ನಮಗೆ ಕರೆಂಟು ಕೊಟ್ಟ ಮುದುಕ, "ಶೆಡ್ಡಿನ ವೈರು ನನಗಿಂತ ಹಳೆಯದು, ಸ್ವಲ್ಪವೇ ಎಳೆದುಕೊಳ್ಳಿ" ಎಂದ. ಹೊರಗಿನಿಂದ ಎಷ್ಟು ಎಳೆಯಬೇಕೆಂಬುದಕ್ಕೆ ಪರದೆಯಲ್ಲಿ ಒಂದು ಮಿತಿ ಇಡಬಹುದಿತ್ತು. ನಮ್ಮವರು ಅದನ್ನು ಹುಡುಕಿ ಆದಷ್ಟು ಕೆಳಗಿಳಿಸಿದರು. ಹುಡುಗಿ ಹೇಳದೆಯೇ ತಾವೇ ಕಂಡುಹಿಡಿದ ಹೆಮ್ಮೆಯಿಂದ ನನ್ನತ್ತ ನೋಡಿದರು. ನಾನೂ ಮೆಚ್ಚಿದೆ. ಮರುದಿನ ಆ ಮಿತಿಯನ್ನು ಮತ್ತೆ ಏರಿಸಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಟೆಕಾಪೊ

ಟೆಕಾಪೊದ್ದು ದೊಡ್ಡ ತಾಣ. ಸಾಲಾಗಿ ಗಾಡಿಗಳು, ಪ್ರತಿಯೊಂದಕ್ಕೂ ಒಂದು ಕಂಬ, ಕಂಬದಿಂದ ಗಾಡಿಗೆ ವೈರು. ಅತ್ತೆ ಇಳಿದು ನೋಡಿ, "ಎಮ್ಮಿ ಗೂಟಕ್ಕ ಕಟ್ಟಿದಂಗ ಕಟ್ಯಾರಲ್ಲೇ ಸುಮಾ" ಎಂದರು. ಸುಮಾ ನಾನು. ಆಮೇಲೆ ಮೆಲ್ಲಗೆ, "ನನ್ನಂಗ" ಎಂದು ಸೇರಿಸಿದರು. ನಾಳೆ ರಾತ್ರಿ ಹಗ್ಗ ಬಿಚ್ಚುತ್ತೇವೆ ಎಂದೆ. ಚಿಕ್ಕ ಮಕ್ಕಳ ಹಾಗೆ ನಕ್ಕರು.

ಇಲ್ಲಿ ಕಂಬ ಗಟ್ಟಿ, ಕರೆಂಟು ಧಾರಾಳ. ವಿಜಯಪುರದ ಕಡೆಯವರ ರಕ್ತದಲ್ಲೇ ಒಂದು ಗುಣವಿದೆ: ಕರೆಂಟು ಇದ್ದಾಗ ಎಲ್ಲ ಕೆಲಸ ಮುಗಿಸಿಕೊಂಡುಬಿಡಬೇಕು. ಕರೆಂಟು ಬಂತು ಎನ್ನುವ ಕೂಗು ಕೇಳಿದರೆ ನಮ್ಮಲ್ಲಿ ಒಬ್ಬರು ಮೋಟರಿಗೆ, ಒಬ್ಬರು ಮಿಕ್ಸರಿಗೆ, ಒಬ್ಬರು ಇಸ್ತ್ರಿಗೆ ಓಡುತ್ತೇವೆ. ಈಗ ಮೊದಲಿನಷ್ಟು ಕರೆಂಟು ಹೋಗುವುದಿಲ್ಲ, ನಿಜ. ಆದರೆ ಕಾಲುಗಳಿಗೆ ಅದು ಗೊತ್ತಿಲ್ಲ.

"ನಾಳಿ ಕಂಬ ಇಲ್ಲದಲ್ಲಿಗೆ ಹೋಗೂದೈತಿ, ಇವತ್ತ ಎಲ್ಲಾ ಮುಗಿಸ್ಕೊಳ್ರಿ" ಎಂದು ಅತ್ತೆ ಸೀರೆಯ ಸೆರಗು ಸಿಕ್ಕಿಸಿಯೇಬಿಟ್ಟರು. ಅನ್ನ, ಬೇಳೆ, ನಾಳೆಗೆ ಪಲ್ಯ, ಎಲ್ಲ ಕರೆಂಟಿನ ಒಲೆಯ ಮೇಲೆ. ಪಕ್ಕದಲ್ಲಿ ಕೆಟಲು. ಚಳಿಗೆ ಹೀಟರು. ನಮ್ಮವರು ಗಾಡಿಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹುಡುಕಿ ನಾಲ್ಕು ಶರ್ಟು ಇಸ್ತ್ರಿ ಮಾಡಿದರು. ಪಕ್ಕದ ಗಾಡಿಯ ಅಜ್ಜ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ದೀಪವನ್ನೂ ಹಾಕದೆ ಸುಮ್ಮನೆ ಸರೋವರ ನೋಡುತ್ತಿದ್ದ. ನಮ್ಮ ಸಡಗರ ನೋಡಿ ನಿಧಾನವಾಗಿ, "ನಾಳೆ ಮದುವೆ ಇದೆಯೇ?" ಎಂದು ಕೇಳಿದ.

ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. "ಹಸಿರು ಐತಿ, ಮುಂಜಾನಿತನ ಬ್ಯಾಟರಿ ತುಂಬಿ ಹೋಗ್ತೈತಿ, ಹೀಟರ್ ಇರ್ಲಿ ಬಿಡ್ರಿ" ಎಂದರು ನಮ್ಮವರು. ಬೆಳಿಗ್ಗೆ ಎದ್ದು ಪರದೆ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ವೈರು ಕಿತ್ತಾಗ ಪೆಟ್ಟಿಗೆ ಟಕ್ ಎಂದಿತು. ನಮ್ಮ ಮನೆಯ ಇನ್ವರ್ಟರಿನದೇ ಸದ್ದು. ಖುಷಿಯಾಯಿತು.

ಪುಕಾಕಿ

ದಾರಿ ಬಹಳ ದೂರದ್ದಲ್ಲ. ಗಾಡಿ ಓಡುವಾಗಲೂ ಬ್ಯಾಟರಿಗೆ ಸ್ವಲ್ಪ ತುಂಬುತ್ತದೆ. ಆದರೆ ನಾವು ಓಡಿದ್ದಕ್ಕಿಂತ ನಿಂತು ಚಹಾ ಕುದಿಸಿದ್ದೇ ಹೆಚ್ಚು. ಒಂದು ತಿರುವು ದಾಟಿದ್ದೇ ಸರೋವರ ಪೂರ್ತಿ ಎದುರಿಗೆ ಬಂತು. ಬಿಳಿ ಧೋತರಗಳಿಗೆ ನೀಲಿ ಹಾಕುವ ಬಕೆಟ್ಟಿನಲ್ಲಿನ ನೀರು, ಅದೇ ಬಣ್ಣ. ಆಚೆ ತುದಿಯಲ್ಲಿ ಹಿಮ ಹೊತ್ತ ಬೆಟ್ಟ. ದಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಗಾಡಿ. ಕಣ್ಣು ಹಾಯುವಷ್ಟು ದೂರ ಒಂದೂ ಕಂಬವಿರಲಿಲ್ಲ.

ಅತ್ತೆ ಹೊರಗೆ ಸುತ್ತಾಡಿ ಬಂದವರೇ ಚಾವಣಿ ಕಿಟಕಿಯ ಕೆಳಗೆ ತಮ್ಮ ಹಾಸಿಗೆ ಹಾಸಿದರು. ತಲೆದಿಂಬನ್ನು ಈ ತುದಿಗೆ, ಆ ತುದಿಗೆ ಇಟ್ಟು ನೋಡಿದರು. ಮಷೀನನ್ನು ಪಕ್ಕಕ್ಕೆ ಇಟ್ಟು ಕೊಳವೆ ಜೋಡಿಸಿದರು. ಆಗ ಪೆಟ್ಟಿಗೆ ಪೀ ಎಂದು ಕೂಗಿತು. ಪರದೆಯಲ್ಲಿ ಕೆಂಪು. ಬ್ಯಾಟರಿ ತಳ ಹಿಡಿದಿತ್ತು.

ನಮ್ಮವರು ಮೊದಲು ನಂಬಲಿಲ್ಲ. "ರಾತ್ರಿಯೆಲ್ಲಾ ಕಂಬಕ್ಕ ಇತ್ತಲ್ಲ! ಬ್ಯಾಟರಿ ಸತ್ತೈತಿ. ಸತ್ತ ಬ್ಯಾಟರಿ ಕೊಟ್ಟಾರ ನಮಗ." ಗಾಡಿಯವರಿಗೆ ಫೋನು ಮಾಡಲು ಅಲ್ಲಿ ಸಿಗ್ನಲ್ ಇರಲಿಲ್ಲ. ರಾತ್ರಿಯಿಡೀ ಎಂಜಿನ್ ಹಚ್ಚಿಡೋಣವೆಂದರೆ, ಹಾಗೆ ಮಾಡಕೂಡದೆಂದು ಬೋರ್ಡು. ಉಳಿದಿರುವಷ್ಟರಲ್ಲಿ ಮಷೀನು ಬೆಳಗಿನವರೆಗೆ ನಡೆಯುವುದು ಸಾಧ್ಯವೇ ಇರಲಿಲ್ಲ. ಅತ್ತೆಯೇ ಹಾಸಿಗೆ ಮಡಚಿದರು.

"ನಡೀರಿ, ಕತ್ತಲಾಗೂದ್ರೊಳಗ ಕಂಬಕ್ಕ ಹೋಗೂನು."

ಊರಲ್ಲಿ ಪ್ರತಿ ಕಾರ್ಯದ ಮನೆಯಿಂದ ಎದ್ದು ಬರುವಾಗಲೂ ಅದೇ ಧ್ವನಿ. ಬೇಸರವಿಲ್ಲ, ಸಿಟ್ಟಿಲ್ಲ, ರೂಢಿಯಾದವರ ಧ್ವನಿ. ನನಗೆ ಅಳು ಬಂತು. ನಮ್ಮವರು ಗಾಡಿ ತಿರುಗಿಸಿದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಟ್ವೈಜಲ್

ಹತ್ತಿರದ ಊರು ಟ್ವೈಜಲ್. ಬೆಳಕಿರುವಾಗಲೇ ತಾಣ ಸಿಕ್ಕಿತು, ಕಂಬವೂ ಸಿಕ್ಕಿತು. ವೈರು ಹಚ್ಚಿದೆವು, ಹಸಿರು ದೀಪ ಬಂತು. ನಾನು ರೂಢಿಯಂತೆ ಹೀಟರು ಹಾಕಿ ಚಹಾಕ್ಕೆಂದು ಕೆಟಲು ಹಚ್ಚಿದೆ. ಬಾಗಿಲ ಬಳಿ ಕೂತಿದ್ದ ಅತ್ತೆ ಪರದೆಯನ್ನೇ ನೋಡುತ್ತಿದ್ದರು. ಅವರಿಗೆ ಇಂಗ್ಲಿಷು ಬಾರದು, ಆದರೆ ಬಾಣ ಯಾರಿಗೂ ಅರ್ಥವಾಗುತ್ತದೆ.

"ಶಿವಾ, ಈ ಬಾಣ ಬ್ಯಾಟರಿ ಕಡಿಂದ ಹೊರಗ ಬರಾಕತ್ತೈತಲ್ಲೋ."

"ಹಂಗ ಹ್ಯಾಂಗ ಆಗ್ತೈತಬೇ? ಕಂಬಕ್ಕ ಹಚ್ಚೇವಿ. ಒಳಗ ಹೋಗ್ತಿರ್ಬೇಕು."

"ನೀನ ನೋಡು ಬಾ."

ನಮ್ಮವರು ಬಂದು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕಂಬದಿಂದ ಕರೆಂಟು ಬರುತ್ತಿತ್ತು; ಬ್ಯಾಟರಿಯಿಂದಲೂ ಬರುತ್ತಿತ್ತು. ಎರಡೂ ಸೇರಿ ನನ್ನ ಕೆಟಲಿಗೂ ಹೀಟರಿಗೂ ಹೋಗುತ್ತಿದ್ದವು. ಹುಷಾರಾಗಿ, ಹಾವು ಮುಟ್ಟುವವರ ಹಾಗೆ, ಕೆಟಲು ಆರಿಸಿದರು.

"ಈಗ ನಿಂತ್ಕೊಂತು" ಎಂದರು ಅತ್ತೆ.

ಹೀಟರು ಆರಿಸಿದರು.

"ಈಗ ಒಳಗ ತಿರುಗ್ತು."

ಕೆಟಲು ಹಾಕಿದರೆ ನಿಲ್ಲುವುದು, ಹೀಟರೂ ಹಾಕಿದರೆ ಹೊರಗೆ, ಎರಡೂ ಆರಿಸಿದರೆ ಒಳಗೆ. ಇಸ್ತ್ರಿಪೆಟ್ಟಿಗೆಯನ್ನೂ ತಂದು ಪರೀಕ್ಷೆ ಮಾಡಿದೆವು. ಅತ್ತೆ ಕ್ರಿಕೆಟಿನ ವೀಕ್ಷಕ ವಿವರಣೆಯ ಹಾಗೆ ಕೂಗಿ ಹೇಳುತ್ತಿದ್ದರು. ಆಮೇಲೆ ನಮ್ಮವರು ಪರದೆಯಲ್ಲಿ ಒಂದೊಂದೇ ಪುಟ ತಿರುಗಿಸಿ ಫೇರ್ಲಿಯಲ್ಲಿ ತಾವೇ ಇಳಿಸಿದ ಮಿತಿಯ ಮುಂದೆ ನಿಂತರು. ಅದು ಇನ್ನೂ ಹಾಗೇ ಕೆಳಗೇ ಇತ್ತು.

"ಥೂ ನನ್ನ!" ಎಂದು ಹಣೆ ಬಡಿದುಕೊಂಡರು.

ನನಗೆ ಅರ್ಥವಾಗುವಂತೆ ಹೇಳಿ ಎಂದೆ. ಹೇಳಿದರು, ಮೊದಲ ಬಾರಿಗೆ ಗಡಿಬಿಡಿಯಿಲ್ಲದೆ. ನಮ್ಮೂರಿನ ಇನ್ವರ್ಟರಿಗೆ ಹೊರಗಿನ ಕರೆಂಟು ಇದ್ದರೆ ಮನೆಯ ಅಷ್ಟೂ ಭಾರ ಆ ಕರೆಂಟಿನ ಮೇಲೆ. ಬ್ಯಾಟರಿ ಸುಮ್ಮನೆ ಕೂತು ತುಂಬಿಸಿಕೊಳ್ಳುತ್ತದೆ. ಭಾರ ಹೆಚ್ಚಾದರೆ ಫ್ಯೂಜು ಹಾರುತ್ತದೆ, ಬ್ಯಾಟರಿ ಸಹಾಯಕ್ಕೆ ಬರುವುದಿಲ್ಲ. ಈ ಪೆಟ್ಟಿಗೆಯದು ಬೇರೆ ರೀತಿ. ಹೊರಗಿನಿಂದ ಇಷ್ಟೇ ಎಳೆ ಎಂದರೆ ಅಷ್ಟೇ ಎಳೆಯುತ್ತದೆ. ಅದರಲ್ಲಿ ಮೊದಲ ಪಾಲು ಮನೆಯ ಉಪಯೋಗಕ್ಕೆ; ಉಳಿದರೆ ಬ್ಯಾಟರಿಗೆ. ಉಪಯೋಗ ಮಿತಿ ದಾಟಿದರೆ ಯಾರಿಗೂ ತಿಳಿಸದೆ ಬ್ಯಾಟರಿಯಿಂದ ಸೇರಿಸಿಕೊಡುತ್ತದೆ. ದೀಪ ಮಂಕಾಗುವುದಿಲ್ಲ, ಫ್ಯೂಜು ಹಾರುವುದಿಲ್ಲ. ಟೆಕಾಪೊದಲ್ಲಿ ಸಂಜೆಯಿಂದ ಬೆಳಗಿನವರೆಗೆ ಆದದ್ದು ಅದೇ. ಹಸಿರು ದೀಪ ಹೇಳುತ್ತಿದ್ದುದು ಕಂಬಕ್ಕೆ ಹಚ್ಚಿದ್ದೀರಿ ಎಂದಷ್ಟೇ. ಬ್ಯಾಟರಿ ತುಂಬುತ್ತಿದೆ ಎಂದು ಓದಿಕೊಂಡದ್ದು ನಾವು.

"ನಳ ಬಂದಾಗ ಮನಿಮಂದಿಯೆಲ್ಲಾ ಅರಿವಿ ಒಗ್ಯಾಕ ಕುಂತ್ರ ಮ್ಯಾಲಿನ ಟಾಕಿ ಹ್ಯಾಂಗ ತುಂಬತೈತಿ?" ಎಂದರು ಅತ್ತೆ. "ನಾನ ಮುಗಿಸ್ಕೊಳ್ರಿ ಮುಗಿಸ್ಕೊಳ್ರಿ ಅಂದೆ."

"ಮಿತಿ ಇಳಿಸಿಟ್ಟಾಂವ ನಾ ಅಲ್ಲೇನಬೇ."

"ಚಹಾ ಕುದಿಸಿ ಕುದಿಸಿ ಉಳಿದದ್ದನ್ನೂ ಖಾಲಿ ಮಾಡಿದಾಕಿ ನಾನು" ಎಂದೆ. ಮೂವರಿಗೂ ತಪ್ಪಿನಲ್ಲಿ ಸಮಪಾಲು ಸಿಕ್ಕಿದ್ದರಿಂದ ಯಾರಿಗೂ ಯಾರ ಮೇಲೂ ಸಿಟ್ಟು ಬರಲಿಲ್ಲ. ಮರುದಿನದ ಊರಿನ ಯೋಜನೆಯನ್ನು ಅಲ್ಲಿಯೇ ಕೈಬಿಟ್ಟೆವು. ಮತ್ತೆ ಪುಕಾಕಿಗೇ ಹೋಗುವುದೆಂದಾಯಿತು.

ನಮ್ಮವರು ಕಂಬದ ಮೇಲೆ ಬರೆದಿದ್ದನ್ನು ಓದಿ ಮಿತಿಯನ್ನು ಅಲ್ಲಿಯವರೆಗೆ ಏರಿಸಿದರು. ಅದಾದ ಮೇಲೂ ಹೀಟರು ಹಾಕಲು ಯಾರಿಗೂ ಧೈರ್ಯವಾಗಲಿಲ್ಲ. ಇದ್ದಬದ್ದ ರಗ್ಗುಗಳನ್ನೆಲ್ಲ ಹೊದ್ದು ಕೂತೆವು. ಕಟಕ್ ರೊಟ್ಟಿಗೆ ಮೊಸರು, ಶೇಂಗಾ ಹಿಂಡಿ. ಒಲೆಯ ಹಂಗಿಲ್ಲದ ಊಟ. ಹೊರಗೆ ಬೇರೆ ಗಾಡಿಯವರೂ ದೀಪ ಹಾಕದೆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಟೆಕಾಪೊದ ಅಜ್ಜನಂತೆಯೇ ಇಲ್ಲಿಯವರೂ ಸಂಜೆಯಾದರೆ ಏನೂ ಮಾಡುವುದಿಲ್ಲ. ಏನೂ ಮಾಡದೆ ಕೂರುವುದು ನಮಗೆ ಮೊದಮೊದಲು ಕಷ್ಟವಾಯಿತು. ಆಮೇಲೆ ಹಿಡಿಸಿತು. ಬಾಣ ಒಳಮುಖವಾಗಿಯೇ ಇತ್ತು. ರಾತ್ರಿ ಮಷೀನು ಹಚ್ಚಿದಾಗಲೂ ಅಲುಗಲಿಲ್ಲ.

ಮತ್ತೆ ಪುಕಾಕಿ

ಬೆಳಿಗ್ಗೆ ಪರದೆ ನೂರಕ್ಕೆ ನೂರು ಎಂದಿತು. ವೈರು ಕೀಳುವ ಕೆಲಸವನ್ನು ಅತ್ತೆ ತಮಗೇ ಬೇಕೆಂದು ಕೇಳಿದರು. ಕಿತ್ತು, ಸುರುಳಿ ಸುತ್ತಿ, ಡಿಕ್ಕಿಯಲ್ಲಿ ಒಗೆದು ಕೈ ಝಾಡಿಸಿದರು.

ದಂಡೆಯ ಮೇಲೆ ಅದೇ ಜಾಗ ಖಾಲಿಯಿತ್ತು. ಇಡೀ ದಿನ ನಾವು ಮಾಡಿದ್ದು ಬಹಳ ಕಡಿಮೆ. ಕಲ್ಲು ಆರಿಸಿದೆವು, ನೀರಿಗೆ ಕಾಲಿಟ್ಟು ಕಿರುಚಿದೆವು. ಬಿಸಿಲಿದ್ದಾಗ ಅತ್ತೆ ಹೊರಗೆ ಕುರ್ಚಿಯಲ್ಲಿ ತೂಕಡಿಸಿದರು. ನಮ್ಮವರು ಮಾತ್ರ ಆಗಾಗ ಒಳಗೆ ಹೋಗಿ ಪರದೆ ನೋಡಿ ಬರುತ್ತಿದ್ದರು. ಒಂದೇ ಒಂದು ಸಲ ಚಹಾ ಮಾಡಲು ನನಗೆ ಅನುಮತಿ ಸಿಕ್ಕಿತು.

ಕತ್ತಲಾಗುತ್ತ ಬಂದಾಗ ಯಾರೂ ಎದ್ದು ಹೊರಡಲಿಲ್ಲ. ಬೆಟ್ಟದ ಮೇಲಿನ ಹಿಮ ಗುಲಾಬಿಯಾಗಿ, ಬೂದುಬಣ್ಣವಾಗಿ, ಕೊನೆಗೆ ಕಾಣದಾಯಿತು. ಅತ್ತೆ ಹಾಸಿಗೆ ಹಾಸಿ, ಮುಸುಕು ಹಾಕಿಕೊಂಡು ಮಲಗಿದರು. ಮಷೀನು ಸದ್ದು ಮಾಡತೊಡಗಿತು. ಮೇಲಿನ ಗಾಜಿನಲ್ಲಿ ಒಂದು ಚುಕ್ಕಿ ಬಂತು, ಮತ್ತೆ ನಾಲ್ಕು, ಆಮೇಲೆ ಎಣಿಸುವ ಮಾತೇ ಇಲ್ಲ. ಮುಸುಕಿನೊಳಗಿಂದ ಅವರು ಏನೋ ಹೇಳಿದರು, ತಿಳಿಯಲಿಲ್ಲ. ಕೈ ಮಾತ್ರ ಮೇಲೆ ತೋರಿಸುತ್ತಿತ್ತು. ನಾನು ಅವರ ಇನ್ನೊಂದು ಕೈ ಹಿಡಿದುಕೊಂಡೆ. ಅಷ್ಟು ಸಂತೋಷ ನನಗೆ ಆ ಪ್ರವಾಸದಲ್ಲಿ ಬೇರೆಲ್ಲೂ ಆಗಲಿಲ್ಲ.

ಬೆಳಿಗ್ಗೆ ನಾನು ಎದ್ದಾಗ ಅತ್ತೆ ಆಗಲೇ ಬಾಗಿಲ ಮೆಟ್ಟಿಲ ಮೇಲೆ ರಗ್ಗು ಹೊದ್ದು ಕೂತಿದ್ದರು. ಕೆನ್ನೆಯ ಮೇಲೆ ಮುಸುಕಿನ ಪಟ್ಟಿಯ ಗುರುತು. ನಮ್ಮವರು ಪರದೆಯ ಮುಂದೆ ನಿಂತು ಹಿಗ್ಗುತ್ತಿದ್ದರು. ರಾತ್ರಿಯಿಡೀ ಮಷೀನು ನಡೆದರೂ ಬ್ಯಾಟರಿ ಅರ್ಧಕ್ಕಿಂತ ಬಹಳ ಮೇಲೇ ಇತ್ತು.

"ನೋಡಿದೇನಬೇ? ಬರೇ ಇಷ್ಟ ತಿಂದೈತಿ ನಿನ್ನ ಮಷೀನು. ಒಂದು ಬ್ಯಾಟರಿ ಇದ್ರ ಸಾಕು, ಎಲ್ಲಿ ಬೇಕಾದಲ್ಲಿ ಮಲಗಬಹುದು."

"ಒಂದು ಬ್ಯಾಟರಿ ಸಾಕೇನು?"

"ಭಾಳ ಆತು."

ಅತ್ತೆ ರಗ್ಗನ್ನು ಹೆಗಲ ಮೇಲೆ ಎಳೆದುಕೊಂಡರು.

"ನಿನ್ನ ಅಂಗಡ್ಯಾಗ ಎಷ್ಟು ಬ್ಯಾಟರಿ ಅದಾವೋ ಶಿವಾ?"

ನಮ್ಮವರ ನಗು ಅಲ್ಲೇ ನಿಂತಿತು. ಟಿಕೋಟಾ, ಹೊನವಾಡದ ದ್ರಾಕ್ಷಿ ತೋಟಗಳ ಮನೆಮನೆಗೆ ಇನ್ವರ್ಟರು ಕೂಡಿಸಿ ಬಂದ ಮನುಷ್ಯ ಇವರು. ಬಬಲೇಶ್ವರದ ಸ್ವಂತ ತೋಟದ ಮನೆಗೆ ಒಂದನ್ನು ಒಯ್ಯಬಹುದೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮಷೀನು ಬಂದಂದಿನಿಂದ ಅತ್ತೆ ಮನೆಯಲ್ಲೇ ಇರಬೇಕು ಎಂಬುದನ್ನು ನಾವು ಡಾಕ್ಟರರ ಮಾತಿನಷ್ಟೇ ಗಟ್ಟಿಯಾಗಿ ನಂಬಿಬಿಟ್ಟಿದ್ದೆವು.

ನಮ್ಮವರು ಮೆಟ್ಟಿಲಿಳಿದು ಹೋಗಿ ತಾಯಿಯ ಕಾಲ ಬಳಿ ಕಲ್ಲಿನ ಮೇಲೆ ಕೂತರು. ತಲೆ ಎತ್ತಲಿಲ್ಲ. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟರು.

"ಅಷ್ಟು ದೂರದಿಂದ ಇಲ್ಲಿತನಕ ಕರಕೊಂಡು ಬಂದೆಲ್ಲೋ ಯಪ್ಪಾ," ಎಂದರು, "ಬಬಲೇಶ್ವರ ಹತ್ರ ಇತ್ತು."